ಏರ್‌ಗನ್ ಬ್ಯಾರೆಲ್‌ಗೆ ಪೆಲೆಟ್ ಹೊಂದುತ್ತದೆಯೇ? ಮನೆಯಲ್ಲೇ ಮಾಡಿಕೊಂಡ ಸಾಧನಗಳಿಂದ ಪರೀಕ್ಷಿಸುವ ಕ್ರಮ

ಗಾಳಿಯ ಒತ್ತಡದಿಂದ ಹಾರುವ ಸೀಸದ ಸಣ್ಣ ಗುಂಡುಗಳಾದ ಏರ್‌ಗನ್ ಪೆಲೆಟ್‌ಗಳ ಹಲವು ಡಬ್ಬಿಗಳ ಮೇಲೆ 4.49, 4.50, 4.51, 4.52 ಎಂಬಂಥ ಒಂದು ಸಂಖ್ಯೆ ಇರುತ್ತದೆ. ಅದು ಪೆಲೆಟ್‌ನ ತಲೆಯ ವ್ಯಾಸವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತದೆ. ಎಲ್ಲವೂ .177 ಇಂಚು ಅಂದರೆ 4.5 ಮಿ.ಮೀ. ಎಂಬ ಒಂದೇ ಹೆಸರಿನಲ್ಲಿ ಮಾರಾಟವಾದರೂ, ಒಂದು ಡಬ್ಬಿಗೂ ಇನ್ನೊಂದಕ್ಕೂ ಇರುವ ಈ ನೂರನೇ ಒಂದು, ಎರಡು ಮಿಲಿಮೀಟರ್‌ಗಳ ವ್ಯತ್ಯಾಸದಿಂದಲೇ ಒಂದು ಬಂದೂಕು ಹತ್ತು ಮೀಟರ್ ದೂರದಲ್ಲಿ ಐದು ಗುಂಡುಗಳನ್ನು ಒಂದೇ ತೂತಿನಲ್ಲಿ ಇಡುವುದೂ ಅದೇ ಬಂದೂಕು ಬೇರೆ ಪೆಲೆಟ್‌ನಿಂದ ಐದು ಕಡೆ ಚದುರಿಸುವುದೂ ಉಂಟು. ಡಬ್ಬಿಯ ಸಂಖ್ಯೆಯನ್ನು ನಂಬಿ ಕೊಂಡರೆ ಸಾಲದು. ಬ್ಯಾರೆಲ್‌ನ ಒಳವ್ಯಾಸವೂ ಬಂದೂಕಿನಿಂದ ಬಂದೂಕಿಗೆ, ಒಂದೇ ಕಾರ್ಖಾನೆಯ ಒಂದೇ ಮಾದರಿಯಲ್ಲಿಯೂ, ಕೊಂಚ ಬದಲಾಗುತ್ತದೆ.

ಈ ಲೇಖನದಲ್ಲಿ ವಿವರಿಸುವ ಸಾಧನಗಳನ್ನೆಲ್ಲ ತುಮಕೂರಿನಂಥ ಊರಿನ ಹಾರ್ಡ್‌ವೇರ್ ಅಂಗಡಿ, ಗಾಜಿನ ಅಂಗಡಿ ಮತ್ತು ಲೇತ್ ವರ್ಕ್‌ಶಾಪ್‌ಗಳಲ್ಲಿ ಸಿಗುವ ಸಾಮಾನಿನಿಂದ ಮಾಡಿಕೊಳ್ಳಬಹುದು. ಇವುಗಳಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಮನೆಯಲ್ಲಿ ಮಾಡಿದ ಗೇಜು, ಅಂದರೆ ಅಳತೆಯ ಸಾಧನ, ಒಂದು ಪೆಲೆಟ್‌ನ ತಲೆ ನಿಖರವಾಗಿ 4.507 ಮಿ.ಮೀ. ಇದೆ ಎಂದು ಹೇಳಲಾರದು. ಆದರೆ ಈ ಡಬ್ಬಿಯ ಪೆಲೆಟ್ ಆ ಡಬ್ಬಿಯದಕ್ಕಿಂತ ದೊಡ್ಡದು, ಈ ಡಬ್ಬಿಯೊಳಗಿನವು ಒಂದಕ್ಕೊಂದು ಸಮನಾಗಿಲ್ಲ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸಬಲ್ಲದು. ನಮಗೆ ಬೇಕಾಗಿರುವುದು ಅಷ್ಟೇ, ಏಕೆಂದರೆ ಬ್ಯಾರೆಲ್‌ನ ಒಳಅಳತೆ ನಮ್ಮ ಕೈಯಲ್ಲಿ ಇರುವುದಿಲ್ಲ. ಹೀಗಾಗಿ ಇಲ್ಲಿನ ಕೆಲಸವೆಲ್ಲ ಅಳೆಯುವುದಕ್ಕಿಂತ ಹೆಚ್ಚಾಗಿ ಹೋಲಿಸುವ ಕೆಲಸ.

ಆರಂಭಿಸುವ ಮೊದಲು

ಶಸ್ತ್ರಾಸ್ತ್ರ ನಿಯಮಗಳು 2016ರ ಪ್ರಕಾರ ಮೂತಿಶಕ್ತಿ (ಪೆಲೆಟ್ ಬ್ಯಾರೆಲ್‌ನ ಮೂತಿಯಿಂದ ಹೊರಡುವಾಗಿನ ಶಕ್ತಿ) 20 ಜೂಲ್ ಮೀರದ, ಒಳವ್ಯಾಸ .177 ಅಂದರೆ 4.5 ಮಿ.ಮೀ. ಮೀರದ ಏರ್‌ಗನ್‌ಗಳಿಗೆ ಪರವಾನಗಿ ಬೇಕಿಲ್ಲ. ಅದಕ್ಕಿಂತ ಹೆಚ್ಚಿನ ಶಕ್ತಿಯ ಅಥವಾ .22ರಂಥ ದೊಡ್ಡ ವ್ಯಾಸದ ಬಂದೂಕುಗಳಿಗೆ ಬೇಕು. ಪರವಾನಗಿ ಬೇಡ ಎಂದ ಮಾತ್ರಕ್ಕೆ ಅದು ಆಟಿಕೆಯಲ್ಲ. ಪೆಲೆಟ್ ಕಣ್ಣನ್ನು ಕಳೆಯಬಲ್ಲದು, ತೆರೆದ ಜಾಗದಲ್ಲಿ ನೂರಾರು ಮೀಟರ್ ಹಾರಬಲ್ಲದು. ತೋಟಕ್ಕೆ ಬರುವ ನವಿಲು, ಕೋತಿಗಳ ಮೇಲೆ ಅದನ್ನು ಪ್ರಯೋಗಿಸುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಅಡಿ ಅಪರಾಧ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಸಂರಕ್ಷಣಾ ಪ್ರದೇಶದ ಕಡೆಗೋ ದೇವರಾಯನದುರ್ಗದ ಕಾಡಿನ ಕಡೆಗೋ ಹೋಗುವ ಗಾಡಿಯಲ್ಲಿ ಏರ್‌ಗನ್ ಇಟ್ಟುಕೊಂಡು ಹೋಗದಿರುವುದೇ ವಿವೇಕ. ಇಲ್ಲಿ ಹೇಳುವುದೆಲ್ಲ ಕಾಗದದ ಗುರಿಗೆ ಸಂಬಂಧಿಸಿದ್ದು.

ಪೆಲೆಟ್‌ಗಳು ಸೀಸದವು. ಪರೀಕ್ಷೆಯ ವೇಳೆ ನೂರಾರು ಪೆಲೆಟ್‌ಗಳನ್ನು ಬೆರಳಿನಲ್ಲಿ ಹಿಡಿಯಬೇಕಾಗುತ್ತದೆ, ಆದ್ದರಿಂದ ಅಡುಗೆಮನೆಯ ಕಟ್ಟೆ ಮತ್ತು ಊಟದ ಮೇಜನ್ನು ಇದಕ್ಕೆ ಬಳಸಬಾರದು. ಕೆಲಸದ ನಡುವೆ ಏನನ್ನೂ ತಿನ್ನಬಾರದು. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಮಾತನ್ನು ಎರಡು ಬಾರಿ ಓದಿಕೊಳ್ಳಿ.

ಹೊಂದಿಕೆ ಎಂದರೇನು

ಪೆಲೆಟ್‌ಗೆ ಮೂರು ಭಾಗಗಳಿವೆ: ಮುಂದೆ ತಲೆ, ಮಧ್ಯೆ ಸಣ್ಣಗಾದ ನಡು, ಹಿಂದೆ ಟೊಳ್ಳಾಗಿ ಅಗಲವಾಗುವ ಸ್ಕರ್ಟ್. ಬ್ಯಾರೆಲ್‌ನ ಒಳಗೆ ಸುರುಳಿಯಾಗಿ ಕೊರೆದ ಗೆರೆಗಳೂ ಅವುಗಳ ನಡುವೆ ಉಬ್ಬಿ ನಿಂತ ಏಣುಗಳೂ ಇರುತ್ತವೆ. ಒಳ್ಳೆಯ ಹೊಂದಿಕೆಯಲ್ಲಿ ತಲೆಯು ಏಣುಗಳ ಮೇಲೆ ಸವರಿಕೊಂಡು, ಅವುಗಳ ತೆಳು ಗುರುತನ್ನು ಸುತ್ತಲೂ ಹೊತ್ತುಕೊಂಡು, ನೇರವಾಗಿ ಸಾಗುತ್ತದೆ. ಸ್ಕರ್ಟ್ ಗೆರೆಗಳ ಆಳದವರೆಗೂ ತುಂಬಿಕೊಂಡು ಗಾಳಿ ಮುಂದಕ್ಕೆ ಸೋರದಂತೆ ತಡೆಯುತ್ತದೆ. ದಿಕ್ಕು ಕಾಯುವುದು ತಲೆಯ ಕೆಲಸವಾದರೆ ಒತ್ತಡ ಹಿಡಿಯುವುದು ಸ್ಕರ್ಟಿನ ಕೆಲಸ.

ತಲೆ ಚಿಕ್ಕದಾದರೆ ಪೆಲೆಟ್ ಬ್ಯಾರೆಲ್‌ನೊಳಗೆ ಓರೆಯಾಗಿ ಕುಳಿತು ಹೊರಬರುವಾಗ ಓಲಾಡುತ್ತದೆ. ಇಡೀ ಪೆಲೆಟ್ ಸಡಿಲವಾದರೆ, ಸ್ಪ್ರಿಂಗಿನ ಬಲದಿಂದ ಪಿಸ್ಟನ್ ಗಾಳಿಯನ್ನು ಒತ್ತುವ ಸ್ಪ್ರಿಂಗ್ ಬಂದೂಕಿನಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ: ಒತ್ತಡ ಏರುವ ಮೊದಲೇ ಪೆಲೆಟ್ ಹೊರಟುಬಿಡುವುದರಿಂದ ಪಿಸ್ಟನ್ನಿಗೆ ಎದುರಾಗಬೇಕಾದ ಗಾಳಿಯ ಮೆತ್ತೆ ಸಾಲದೆ ಅದು ಸಿಲಿಂಡರ್‌ನ ತುದಿಗೆ ಹೋಗಿ ಬಡಿಯುತ್ತದೆ, ಸೀಲ್ ಮತ್ತು ಸ್ಪ್ರಿಂಗ್ ಬೇಗ ಹಾಳಾಗುತ್ತವೆ. ಅತಿ ಬಿಗಿಯಾದ ಪೆಲೆಟ್ ವೇಗವನ್ನು ಕಳೆದುಕೊಳ್ಳುತ್ತದೆ, ಹೆಬ್ಬೆರಳಿನಿಂದ ಒತ್ತಿ ತುರುಕುವಾಗಲೇ ಅದರ ಸ್ಕರ್ಟ್ ಸೊಟ್ಟಗಾಗುತ್ತದೆ. ಇವೆರಡರ ನಡುವಿನ ಪಟ್ಟಿ ಬಹಳ ಕಿರಿದು.

ನೂಕುವ ಕಡ್ಡಿ

ಎಲ್ಲಕ್ಕಿಂತ ಹೆಚ್ಚು ಮಾಹಿತಿ ಕೊಡುವ, ಎಲ್ಲಕ್ಕಿಂತ ಸರಳವಾದ ಸಾಧನವೆಂದರೆ ಪೆಲೆಟ್ಟನ್ನು ಬ್ಯಾರೆಲ್‌ನ ಉದ್ದಕ್ಕೂ ನಿಧಾನವಾಗಿ ನೂಕುವ ಒಂದು ಕಡ್ಡಿ. ಅದಕ್ಕೆ ವೆಲ್ಡಿಂಗ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಹಿತ್ತಾಳೆಯ ಬ್ರೇಜಿಂಗ್ ಕಡ್ಡಿ ತಕ್ಕದ್ದು. ಸುಮಾರು 3 ಮಿ.ಮೀ. ದಪ್ಪದ್ದನ್ನು, ಮೇಲೆ ಬಿಳಿ ಫ್ಲಕ್ಸ್ ಲೇಪನ ಇಲ್ಲದ್ದನ್ನು ಕೇಳಿ ತೆಗೆದುಕೊಳ್ಳಬೇಕು. ಹಿತ್ತಾಳೆ ಉಕ್ಕಿಗಿಂತ ಮೆದುವಾದ್ದರಿಂದ ಬ್ಯಾರೆಲ್‌ಗೆ ಹಾನಿ ಕಡಿಮೆ. ಸೈಕಲ್ಲಿನ ಕಡ್ಡಿ, ಛತ್ರಿಯ ಕಡ್ಡಿ ಇವೆಲ್ಲ ಉಕ್ಕಿನವು. ಅವುಗಳನ್ನು ಬರಿದಾಗಿ ಬ್ಯಾರೆಲ್‌ನೊಳಗೆ ಬಿಡಬಾರದು.

ಕಡ್ಡಿಯನ್ನು ಗಾಜಿನ ಮೇಲೆ ಉರುಳಿಸಿ ನೆಟ್ಟಗಿದೆಯೇ ಎಂದು ನೋಡಿ, ಡೊಂಕಿದ್ದರೆ ಮರದ ಹಲಗೆಯ ನಡುವೆ ಒತ್ತಿ ಉರುಳಿಸಿ ನೇರಗೊಳಿಸಿ. ಒಂದು ತುದಿಯನ್ನು ಅರದಿಂದ ಚಪ್ಪಟೆಯಾಗಿ ಉಜ್ಜಿ, ಅಂಚಿನ ಮುಳ್ಳನ್ನು 400 ನಂಬರಿನ ಎಮರಿ ಕಾಗದದಿಂದ ತೆಗೆಯಿರಿ. ಆ ತುದಿಯ ಸುಮಾರು 10 ಮಿ.ಮೀ. ಭಾಗವನ್ನು ಹಾಗೆಯೇ ಬಿಟ್ಟು, ಉಳಿದ ಉದ್ದಕ್ಕೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ತೆಳುವಾದ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ ಬಿಸಿ ಮಾಡಿದರೆ ಅದು ಕಡ್ಡಿಗೆ ಕಚ್ಚಿಕೊಳ್ಳುತ್ತದೆ. ಟ್ಯೂಬ್ ಸೇರಿ ಒಟ್ಟು ದಪ್ಪ 4 ಮಿ.ಮೀ. ಮೀರಬಾರದು. ತುದಿಯನ್ನು ಬರಿದಾಗಿ ಬಿಡುವುದಕ್ಕೆ ಕಾರಣವಿದೆ: ಆ ಭಾಗ ಸ್ಕರ್ಟಿನ ಟೊಳ್ಳಿನೊಳಗೆ ಹೊಕ್ಕು ತಲೆಯ ಹಿಂಬದಿಯನ್ನು ನೂಕಬೇಕು. ಸ್ಕರ್ಟಿನ ಅಂಚನ್ನೇ ನೂಕಿದರೆ ಅದು ಜಜ್ಜಿ ಅಗಲವಾಗಿ, ಇಲ್ಲದ ಬಿಗಿತವನ್ನು ಕೈಗೆ ತೋರಿಸುತ್ತದೆ. ಹಿಂದಿನ ತುದಿಗೆ ಒಂದು ಮರದ ಗುಂಡು ಅಥವಾ ಹಳೆಯ ಅರದ ಹಿಡಿಯನ್ನು ಸಿಕ್ಕಿಸಿದರೆ ಅಂಗೈಗೆ ನೋವಾಗುವುದಿಲ್ಲ.

ಈಗ ಬಂದೂಕಿನ ವಿಷಯ. ಬ್ಯಾರೆಲ್ಲನ್ನು ಕೀಲಿನಲ್ಲಿ ಬಗ್ಗಿಸಿ ಲೋಡ್ ಮಾಡುವ ಸ್ಪ್ರಿಂಗ್ ಬಂದೂಕಿನಲ್ಲಿ ಬ್ಯಾರೆಲ್ಲನ್ನು ಪೂರ್ತಿ ಬಗ್ಗಿಸಿದಾಗ ಸ್ಪ್ರಿಂಗ್ ಕಾಕ್ ಆಗುತ್ತದೆ, ಅಂದರೆ ಹೊಡೆಯಲು ಸಿದ್ಧವಾಗಿ ಬಿಗಿದು ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಟ್ರಿಗರ್ ಕೊಂಡಿ ಜಾರಿದರೆ ಬ್ಯಾರೆಲ್ ಬೆರಳನ್ನು ಕತ್ತರಿಸುವಷ್ಟು ಬಲದಿಂದ ಮೇಲಕ್ಕೆ ಬಡಿಯುತ್ತದೆ. ಆದ್ದರಿಂದ ಈ ಪರೀಕ್ಷೆಯನ್ನು ಇಬ್ಬರು ಸೇರಿ ಮಾಡಬೇಕು: ಒಬ್ಬರು ಎರಡೂ ಕೈಗಳಿಂದ ಬ್ಯಾರೆಲ್ಲನ್ನು ಬಗ್ಗಿದ ಸ್ಥಿತಿಯಲ್ಲೇ ಬಿಗಿಯಾಗಿ ಹಿಡಿದಿರಬೇಕು, ಇನ್ನೊಬ್ಬರು ಮಾತ್ರ ಪೆಲೆಟ್ ಇಟ್ಟು ನೂಕಬೇಕು, ಟ್ರಿಗರ್ ಹತ್ತಿರ ಯಾರ ಬೆರಳೂ ಹೋಗಬಾರದು. ಸೇಫ್ಟಿ ಇದ್ದರೆ ಹಾಕಿಯೇ ಇರಬೇಕು, ಆದರೆ ಅದನ್ನೇ ನಂಬಿ ಹಿಡಿತ ಸಡಿಲಿಸಬಾರದು. ಪರೀಕ್ಷೆ ಮುಗಿದ ಮೇಲೆ ಖಾಲಿ ಬಂದೂಕನ್ನು ಹೊಡೆಯಬಾರದು. ಒಂದು ಪೆಲೆಟ್ ಹಾಕಿ, ಗುಂಡು ತಡೆಯುವ ಪೆಟ್ಟಿಗೆಯೊಳಗೆ ಹೊಡೆದು ಸ್ಪ್ರಿಂಗನ್ನು ಬಿಡುಗಡೆ ಮಾಡಬೇಕು. ಗಾಳಿ ತುಂಬುವ ಪಿಸಿಪಿ ಬಂದೂಕಾದರೆ ತಯಾರಕರ ಪುಸ್ತಿಕೆ ಹೇಳುವ ರೀತಿಯಲ್ಲಿ ಗಾಳಿಯನ್ನು ಪೂರ್ತಿ ಖಾಲಿ ಮಾಡಿ, ಮ್ಯಾಗಜಿನ್ ತೆಗೆದು, ಬೋಲ್ಟಿನಿಂದ ಪೆಲೆಟ್ ಕೂರಿಸುವಾಗಿನ ಬಿಗಿತವನ್ನು ಗಮನಿಸಿ, ಆಮೇಲೆ ಬೋಲ್ಟ್ ತೆರೆದು ಮೂತಿಯ ಕಡೆಯಿಂದ ಕಡ್ಡಿ ಹಾಕಿ ಅದನ್ನು ಹಿಂದಕ್ಕೆ ತೆಗೆಯಬೇಕು. ಅದರಲ್ಲಿ ಬ್ಯಾರೆಲ್‌ನ ಪೂರ್ತಿ ಉದ್ದದ ಪರೀಕ್ಷೆ ಆಗುವುದಿಲ್ಲ, ಪೆಲೆಟ್ ಕೂರಿಸುವ ಹಿಂಬಾಯಿಯ ಪರೀಕ್ಷೆ ಮಾತ್ರ ಆಗುತ್ತದೆ.

ನೂಕುವ ಮೊದಲು ಬ್ಯಾರೆಲ್ ಸ್ವಚ್ಛವಾಗಿರಬೇಕು. ಒಣ ಹತ್ತಿಬಟ್ಟೆಯ ಸಣ್ಣ ತುಂಡುಗಳನ್ನು ಒಂದೊಂದಾಗಿ ಎಳೆದು, ಬಟ್ಟೆ ಬಿಳಿಯಾಗಿ ಹೊರಬರುವವರೆಗೂ ಒರೆಸಿ. ಎಣ್ಣೆ ಹಾಕಬೇಡಿ, ಎಣ್ಣೆ ಉಳಿದ ಬ್ಯಾರೆಲ್‌ನಲ್ಲಿ ಎಲ್ಲ ಪೆಲೆಟ್‌ಗಳೂ ಸಲೀಸಾಗಿ ಜಾರುತ್ತವೆ. ಸಾಲದ್ದಕ್ಕೆ, ಸ್ಪ್ರಿಂಗ್ ಬಂದೂಕಿನಲ್ಲಿ ಅದು ಒತ್ತಡದ ಬಿಸಿಗೆ ಹೊತ್ತಿಕೊಂಡು ಸ್ಫೋಟಿಸುವ ಅಪಾಯವೂ ಇದೆ.

ಮೊದಲು ಪೆಲೆಟ್ಟನ್ನು ಬ್ಯಾರೆಲ್‌ನ ಹಿಂಬಾಯಿಗೆ ಸುಮ್ಮನೆ ಇಟ್ಟು ನೋಡಿ. ಅದು ತಾನಾಗಿಯೇ ಒಳಕ್ಕೆ ಜಾರಿ ಹೋದರೆ ಆ ಡಬ್ಬಿಯನ್ನು ಅಲ್ಲಿಗೇ ಬಿಡಬಹುದು. ತಲೆ ಹೊಕ್ಕು ಸ್ಕರ್ಟ್ ಹೊರಗೆ ನಿಂತು, ಹೆಬ್ಬೆರಳಿನ ಸಣ್ಣ ಒತ್ತಡಕ್ಕೆ ಬಾಯಿಯ ಸಮಕ್ಕೆ ಕುಳಿತರೆ ಮುಂದುವರಿಯಿರಿ. ಆಮೇಲೆ ಕಡ್ಡಿಯಿಂದ ಒಂದೇ ವೇಗದಲ್ಲಿ, ನಿಲ್ಲಿಸದೆ, ನಿಧಾನವಾಗಿ ನೂಕಿ. ಸ್ಕರ್ಟ್ ಗೆರೆಗಳಿಗೆ ಕಚ್ಚಿಕೊಳ್ಳುವಾಗ ಮೊದಲ ಒಂದೆರಡು ಸೆಂಟಿಮೀಟರ್ ಬಲ ಬೇಕಾಗುತ್ತದೆ, ಅದು ಸಹಜ. ಅನಂತರ ಬಿಗಿತ ಇಳಿದು ಒಂದೇ ಸಮನಾಗಿ ಸಾಗಬೇಕು. ಕೆಲವು ಬ್ಯಾರೆಲ್‌ಗಳ ಮೂತಿಯ ಕೊನೆಯ ಎರಡು ಮೂರು ಸೆಂಟಿಮೀಟರ್‌ಗಳನ್ನು ಬೇಕೆಂದೇ ಕೊಂಚ ಕಿರಿದಾಗಿಸಿರುತ್ತಾರೆ. ಚೋಕ್ ಎನ್ನುವ ಆ ಭಾಗದಲ್ಲಿ ಮತ್ತೆ ಬಿಗಿತ ಏರುವುದು ಒಳ್ಳೆಯ ಲಕ್ಷಣವೇ. ನಡುವೆ ಎಲ್ಲಾದರೂ ಕಡ್ಡಿ ಫಕ್ಕನೆ ಮುಂದಕ್ಕೆ ಓಡಿದರೆ ಅಲ್ಲಿ ಬ್ಯಾರೆಲ್ ಅಗಲವಾಗಿದೆ ಅಥವಾ ತುಕ್ಕು ತಿಂದಿದೆ ಎಂದರ್ಥ. ಫಕ್ಕನೆ ಬಿಗಿಯಾದರೆ ಮುಂಗುರಿ (ಗುರಿ ಹಿಡಿಯುವ ಮುಂದಿನ ಸಾಧನ) ಕೂರಿಸಿದ ಜಾಗದಲ್ಲೋ ಹಿಂಗುರಿಗೆ (ಹಿಂದಿನ ಸಾಧನಕ್ಕೆ) ತೋಡು ಕೊರೆದ ಜಾಗದಲ್ಲೋ ಲೋಹ ಒಳಕ್ಕೆ ಒತ್ತಿಕೊಂಡಿರಬಹುದು. ಎಷ್ಟೇ ಬಗೆಯ ಪೆಲೆಟ್ ಹಾಕಿದರೂ ಒಂದೇ ಜಾಗದಲ್ಲಿ ಇದೇ ಅನುಭವವಾದರೆ ದೋಷ ಪೆಲೆಟ್‌ನದಲ್ಲ. ಇನ್ನಷ್ಟು ಡಬ್ಬಿಗಳಿಗೆ ದುಡ್ಡು ಸುರಿಯುವುದು ವ್ಯರ್ಥ.

ಮೂತಿಯ ಬಳಿ ಮಡಿಸಿದ ಬಟ್ಟೆ ಹಿಡಿದು ಪೆಲೆಟ್ ನೆಲಕ್ಕೆ ಬೀಳದಂತೆ ಹಿಡಿದುಕೊಳ್ಳಿ, ಏಕೆಂದರೆ ಮುಂದಿನ ಪರೀಕ್ಷೆ ಅದರ ಮೈಮೇಲಿನ ಗುರುತುಗಳದ್ದು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಎಂಬ ಮಸೂರ ಇದಕ್ಕೆ ಸಾಕು. 2016ರಲ್ಲಿ ಮುಚ್ಚಿಹೋದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಊರಾದ ತುಮಕೂರಿನಲ್ಲಿ ಅಂಥದ್ದೊಂದನ್ನು ಎರವಲು ಪಡೆಯುವುದು ಕಷ್ಟವಾಗಬಾರದು. ತಲೆಯ ಸುತ್ತ ಏಣುಗಳ ಗುರುತು ಸಮಾನ ಅಂತರದಲ್ಲಿ, ತೆಳುವಾಗಿ, ಎಲ್ಲ ಕಡೆಯೂ ಇದ್ದರೆ ಹೊಂದಿಕೆ ಚೆನ್ನಾಗಿದೆ. ಸ್ಕರ್ಟಿನ ಮೇಲೆ ಗುರುತು ಆಳವಾಗಿದ್ದು ತಲೆಯ ಮೇಲೆ ಏನೂ ಇಲ್ಲದಿದ್ದರೆ ತಲೆ ಚಿಕ್ಕದು. ಗುರುತು ಒಂದು ಬದಿಯಲ್ಲಿ ಮಾತ್ರ ಇದ್ದರೆ ಪೆಲೆಟ್ ಓರೆಯಾಗಿ ಸಾಗಿದೆ. ತಲೆಯ ಅಂಚಿನ ಸೀಸ ಹಿಂದಕ್ಕೆ ಮಡಿಚಿ ಚೂರಾಗಿ ಎದ್ದಿದ್ದರೆ ತಲೆ ದೊಡ್ಡದು. ಒಂದು ಡಬ್ಬಿಯಿಂದ ಒಂದೇ ಪೆಲೆಟ್ ನೋಡಿ ತೀರ್ಮಾನಿಸಬೇಡಿ. ಐದಾರನ್ನಾದರೂ ನೂಕಿ, ಪ್ರತಿಯೊಂದನ್ನೂ ಡಬ್ಬಿಯ ಹೆಸರು ಬರೆದ ಕಾಗದದ ಮೇಲೆ ಸಾಲಾಗಿ ಅಂಟಿಸಿಟ್ಟುಕೊಂಡರೆ ಹೋಲಿಕೆ ಸುಲಭವಾಗುತ್ತದೆ.

ಬ್ಯಾರೆಲ್ಲನ್ನು ಬಂದೂಕಿನಿಂದ ಬೇರ್ಪಡಿಸಿ ಕೊಡಬಲ್ಲ ನುರಿತ ಮೆಕ್ಯಾನಿಕ್ ಸಿಕ್ಕರೆ ಕೈಯ ಅಂದಾಜಿನ ಬದಲು ಸಂಖ್ಯೆಯನ್ನೇ ಪಡೆಯಬಹುದು. ದಿನಸಿ ತೂಗುವ ಡಿಜಿಟಲ್ ತಕ್ಕಡಿಯ ಮೇಲೆ ಕಡ್ಡಿಯ ಹಿಡಿಯನ್ನು ಊರಿ, ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ಪೆಲೆಟ್ ಕೂರಿಸಿದ ಬ್ಯಾರೆಲ್ಲನ್ನು ಹಿಂಬಾಯಿ ಕೆಳಗಾಗಿ ಅದರ ಮೇಲೆ ಇಳಿಸುತ್ತ ಬಂದರೆ ನೂಕುವ ಬಲ ಗ್ರಾಂ ಲೆಕ್ಕದಲ್ಲಿ ಕಾಣುತ್ತದೆ. ಕಡ್ಡಿಯ ತೂಕವನ್ನು ಮೊದಲೇ ಸೊನ್ನೆ ಮಾಡಿಕೊಳ್ಳಬೇಕು. ಈ ಸಂಖ್ಯೆ ನಿಮ್ಮ ಬ್ಯಾರೆಲ್‌ಗೆ ಮಾತ್ರ ಅನ್ವಯಿಸುತ್ತದೆ, ಬೇರೆಯವರ ಸಂಖ್ಯೆಯೊಂದಿಗೆ ಹೋಲಿಸಿ ಪ್ರಯೋಜನವಿಲ್ಲ.

ಬೆಣೆಯಾಕಾರದ ಸೀಳು ಗೇಜು

ತಲೆಯ ವ್ಯಾಸವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯುವ ಆಸೆ ಎಲ್ಲರಿಗೂ ಮೂಡುತ್ತದೆ. ಸಾಮಾನ್ಯ ವರ್ನಿಯರ್‌ನ ಕನಿಷ್ಠ ಅಳತೆ 0.02 ಮಿ.ಮೀ.; ಡಿಜಿಟಲ್ ಪರದೆ 0.01 ತೋರಿಸಿದರೂ ಅದರ ನಿಖರತೆ ಅಷ್ಟಿರುವುದಿಲ್ಲ. ಮೈಕ್ರೋಮೀಟರ್ 0.01 ಅಳೆಯುತ್ತದೆ ನಿಜ, ಆದರೆ ಸೀಸ ಎಷ್ಟು ಮೆದುವೆಂದರೆ ರ‍್ಯಾಚೆಟ್ ಕ್ಲಿಕ್ ಎನ್ನುವಷ್ಟರಲ್ಲಿ ತಲೆಯ ಅಂಚು ಚಪ್ಪಟೆಯಾಗಿರುತ್ತದೆ. ಡ್ರಿಲ್‌ನಿಂದ ತಗಡಿನಲ್ಲಿ 4.5 ಮಿ.ಮೀ. ತೂತು ಕೊರೆದು ಗೇಜು ಮಾಡುವುದೂ ಆಗದ ಮಾತು. ಡ್ರಿಲ್ ಕೊರೆದ ತೂತು ಬಿಟ್‌ಗಿಂತ ದೊಡ್ಡದಾಗಿಯೂ ಸಂಪೂರ್ಣ ದುಂಡಗಾಗದೆಯೂ ಬರುತ್ತದೆ. ಇವೆಲ್ಲಕ್ಕಿಂತ ಉತ್ತಮವಾದದ್ದು, ಒಂದು ತುದಿಯಲ್ಲಿ ಕಿರಿದಾಗಿ ಇನ್ನೊಂದು ತುದಿಗೆ ಬಹಳ ನಿಧಾನವಾಗಿ ಅಗಲವಾಗುವ ಒಂದು ಸೀಳು. ತನ್ನ ತೂಕದಿಂದಲೇ ಪೆಲೆಟ್‌ನ ತಲೆ ಎಲ್ಲಿ ಇಳಿಯುತ್ತದೆಯೋ ಅದೇ ಅದರ ಅಳತೆ.

ಬೇಕಾಗುವ ಸಾಮಾನು: ಲೇತ್ ಕೆಲಸದಲ್ಲಿ ಬಳಸುವ, ಅರ್ಧ ಇಂಚು ಚೌಕದ, ಎಂಟು ಇಂಚು ಉದ್ದದ ಎರಡು ಹೊಸ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್ ಬಿಟ್‌ಗಳು, ಒಂದೇ ಕಂಪನಿಯ ಎರಡು 4.4 ಮಿ.ಮೀ. ಡ್ರಿಲ್ ಬಿಟ್‌ಗಳು, ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಇಟ್ಟುಕೊಳ್ಳುವ ಫೀಲರ್ ಗೇಜಿನ 0.15 ಮಿ.ಮೀ. ಪಟ್ಟಿ, 6 ಮಿ.ಮೀ. ದಪ್ಪದ ಒಂದು ಗಾಜಿನ ತುಂಡು, ಅರಾಲ್ಡೈಟ್ ಅಂಟು, ಎರಡು ದಪ್ಪ ರಬ್ಬರ್ ಬ್ಯಾಂಡ್. ಟೂಲ್ ಬಿಟ್‌ಗಳನ್ನೇ ಹೇಳುವುದಕ್ಕೆ ಕಾರಣ, ಅವುಗಳ ನಾಲ್ಕೂ ಮುಖಗಳನ್ನು ಗ್ರೈಂಡ್ ಮಾಡಿ ನೇರವಾಗಿಸಿರುತ್ತಾರೆ. ಕಬ್ಬಿಣದ ಅಂಗಡಿಯ ಚೌಕ ಸರಳು ಈ ಕೆಲಸಕ್ಕೆ ಬಾರದು. ಎರಡು ಬಿಟ್‌ಗಳ ಮುಖಗಳನ್ನು ಒಂದಕ್ಕೊಂದು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ ನಡುವೆ ಬೆಳಕಿನ ಗೆರೆ ಕಾಣಬಾರದು. ಕಂಡರೆ ಮುಖ ಬದಲಿಸಿ ನೋಡಿ.

ಡ್ರಿಲ್ ಬಿಟ್‌ಗಳ ನಯವಾದ ಹಿಡಿಭಾಗವನ್ನು ಮೈಕ್ರೋಮೀಟರ್‌ನಿಂದ ಅಳೆಸಬೇಕು. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಯಾವುದಾದರೂ ಲೇತ್ ಅಂಗಡಿಯಲ್ಲಿ ವಿನಯದಿಂದ ಕೇಳಿದರೆ ಇದು ಎರಡು ನಿಮಿಷದ ಕೆಲಸ. ಹಿಡಿಭಾಗ ಹೆಸರಿನ ಅಳತೆಗಿಂತ ಒಂದಿಷ್ಟು ಕಡಿಮೆಯೇ ಇರುತ್ತದೆ, 4.39 ಬಂದರೆ ಆಶ್ಚರ್ಯಪಡಬೇಕಿಲ್ಲ. ಎರಡೂ ಒಂದೇ ಅಳತೆ ತೋರಿಸುವುದು ಮುಖ್ಯ.

ಗಾಜನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಿ, ಅದರ ಮೇಲೆ ಎರಡು ಟೂಲ್ ಬಿಟ್‌ಗಳನ್ನು ಪಕ್ಕಪಕ್ಕದಲ್ಲಿ ಮಲಗಿಸಿ. ಎಡತುದಿಯ ಹತ್ತಿರ ಒಂದು ಡ್ರಿಲ್ ಬಿಟ್ಟನ್ನು ಹಿಡಿಭಾಗ ಕೆಳಗಾಗಿ ಎರಡರ ನಡುವೆ ನೆಟ್ಟಗೆ ನಿಲ್ಲಿಸಿ. ಅಲ್ಲಿಂದ ಸರಿಯಾಗಿ 150 ಮಿ.ಮೀ. ದೂರದಲ್ಲಿ ಇನ್ನೊಂದು ಡ್ರಿಲ್ ಬಿಟ್ ನಿಲ್ಲಿಸಿ, ಅದರ ಒಂದು ಬದಿಗೆ ಫೀಲರ್ ಪಟ್ಟಿಯನ್ನು ಸೇರಿಸಿ. ಎರಡು ತುದಿಗಳಿಗೂ ರಬ್ಬರ್ ಬ್ಯಾಂಡ್ ಹಾಕಿ ಬಿಗಿದರೆ ಸೀಳು ಒಂದು ಕಡೆ 4.39, ಇನ್ನೊಂದು ಕಡೆ 4.54 ಆಗಿ ನಿಲ್ಲುತ್ತದೆ. ಅಂದರೆ ಉದ್ದದಲ್ಲಿ ಪ್ರತಿ 10 ಮಿ.ಮೀ.ಗೆ ಅಗಲ 0.01 ಮಿ.ಮೀ. ಹೆಚ್ಚುತ್ತದೆ. ಶಾಲೆಯ ಸ್ಕೇಲಿನಲ್ಲಿ ಸಲೀಸಾಗಿ ಓದಬಹುದಾದ ಒಂದು ಸೆಂಟಿಮೀಟರ್ ಈಗ ನೂರನೇ ಒಂದು ಮಿಲಿಮೀಟರ್ ಆಗಿದೆ. ಟೂಲ್ ಬಿಟ್‌ಗಳ ಹೊರಬದಿ ಗಾಜಿಗೆ ತಾಗುವಲ್ಲಿ ಮಾತ್ರ ಅರಾಲ್ಡೈಟ್ ಹಚ್ಚಿ; ಅಡಿಗೆ ಹಚ್ಚಿದರೆ ಅಂಟಿನ ದಪ್ಪಕ್ಕೆ ಬಿಟ್ ಓರೆಯಾಗುತ್ತದೆ. ಒಂದು ದಿನ ಮುಟ್ಟದೆ ಬಿಟ್ಟು, ಅನಂತರ ಡ್ರಿಲ್ ಬಿಟ್‌ಗಳನ್ನೂ ಪಟ್ಟಿಯನ್ನೂ ಹೊರತೆಗೆದು, ಪಕ್ಕಕ್ಕೆ ಗ್ರಾಫ್ ಕಾಗದದ ಪಟ್ಟಿ ಅಂಟಿಸಿ ಅಳತೆ ಬರೆಯಿರಿ. ಸೀಳಿನ ಮೇಲಂಚು ಬ್ಲೇಡಿನಂತೆ ಹರಿತವಾಗಿದ್ದರೆ ಸೀಸವನ್ನು ಹೆರೆಯುತ್ತದೆ. ಎಣ್ಣೆಕಲ್ಲಿನಿಂದ ಒಂದೆರಡು ಬಾರಿ ಹಗುರವಾಗಿ ಸವರಿದರೆ ಸಾಕು.

ಬಳಸುವ ಕ್ರಮ ಹೀಗೆ: ಪೆಲೆಟ್ಟನ್ನು ಚಿಮಟದಿಂದ ಸ್ಕರ್ಟಿನ ಕಡೆ ಹಿಡಿದು, ತಲೆ ಕೆಳಗಾಗಿ, ಕಿರಿದಾದ ತುದಿಯಲ್ಲಿ ಸೀಳಿನ ಮೇಲೆ ಇಟ್ಟು, ಒತ್ತದೆ ಅಗಲದ ಕಡೆಗೆ ಸರಿಸುತ್ತ ಬನ್ನಿ. ಒಂದು ಕಡೆ ತಲೆ ತಾನಾಗಿಯೇ ಒಳಕ್ಕೆ ಇಳಿದು ಪೆಲೆಟ್ ಸ್ಕರ್ಟಿನಿಂದ ನೇತಾಡುತ್ತದೆ. ಆ ಅಳತೆಯನ್ನು ಬರೆದುಕೊಂಡು, ಪೆಲೆಟ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಎರಡು ಓದುಗಳ ನಡುವೆ ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬಂದರೆ ಆ ತಲೆ ದುಂಡಗಿಲ್ಲ. ಅಗ್ಗದ ಪೆಲೆಟ್‌ಗಳಲ್ಲಿ ವ್ಯಾಸದ ದೋಷಕ್ಕಿಂತ ದುಂಡಗಿಲ್ಲದ ದೋಷವೇ ಹೆಚ್ಚು ಕಾಣಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಡಬ್ಬಿಯ ಮೇಲಿನ ಯಾವ ಸಂಖ್ಯೆಯೂ ಅದನ್ನು ಹೇಳುವುದಿಲ್ಲ. ಡಬ್ಬಿಯಲ್ಲಿ 4.50 ಎಂದಿರುವುದು ನಿಮ್ಮ ಗೇಜಿನಲ್ಲಿ 4.49 ಎಂದು ಕಂಡರೆ ಯಾರು ಸರಿ ಎಂಬ ಚರ್ಚೆಗೆ ಇಳಿಯಬೇಡಿ. ಮೈಕ್ರೋಮೀಟರ್, ಫೀಲರ್ ಪಟ್ಟಿ, ಅಂಟು ಎಲ್ಲ ಸೇರಿ ಅಷ್ಟು ತಪ್ಪು ಸಹಜ. ಇಂದು ಬಂದ ಓದು ಮುಂದಿನ ತಿಂಗಳೂ ಬರುತ್ತದೆಯೇ ಎಂಬುದನ್ನು ನೋಡಲು ಆ ಡ್ರಿಲ್ ಬಿಟ್‌ಗಳನ್ನು ಜೋಪಾನ ಮಾಡಿ, ಆಗಾಗ ಸೀಳಿನಲ್ಲಿ ಇಳಿಸಿ ಅದೇ ಗುರುತಿನಲ್ಲಿ ನಿಲ್ಲುವುದನ್ನು ಖಚಿತಪಡಿಸಿಕೊಳ್ಳಿ.

ಗಾಜಿನ ಮೇಲೆ ಉರುಳಿಸುವುದು

ಒಂದು ಡಬ್ಬಿಯ ಪೆಲೆಟ್‌ಗಳು ಒಂದಕ್ಕೊಂದು ಸಮನಾಗಿವೆಯೇ ಎಂದು ತಿಳಿಯಲು ಇದಕ್ಕಿಂತ ಬೇಗನೆ ಆಗುವ ವಿಧಾನವಿಲ್ಲ. ಪೆಲೆಟ್‌ನ ಸ್ಕರ್ಟ್ ತಲೆಗಿಂತ ಅಗಲವಾದ್ದರಿಂದ ಮಲಗಿಸಿ ಉರುಳಿಸಿದಾಗ ಅದು ನೇರ ಹೋಗದೆ, ಉರುಳಿಬಿಟ್ಟ ಲೋಟದಂತೆ ವೃತ್ತದಲ್ಲಿ ತಿರುಗುತ್ತದೆ. ಆ ವೃತ್ತದ ತ್ರಿಜ್ಯ ತಲೆ ಮತ್ತು ಸ್ಕರ್ಟುಗಳ ವ್ಯತ್ಯಾಸವನ್ನು ಅವಲಂಬಿಸಿದೆ. ತಲೆಯ ಅಂಚಿಗೂ ಸ್ಕರ್ಟಿನ ಅಂಚಿಗೂ 5 ಮಿ.ಮೀ. ದೂರ, ಸ್ಕರ್ಟ್ 4.75 ಮಿ.ಮೀ., ತಲೆ 4.51 ಮಿ.ಮೀ. ಎಂದುಕೊಂಡರೆ ತ್ರಿಜ್ಯ 5 × 4.75 ÷ 0.24, ಅಂದರೆ ಸುಮಾರು 99 ಮಿ.ಮೀ. ತಲೆ 4.49 ಆದರೆ ಅದೇ ಲೆಕ್ಕ ಸುಮಾರು 91 ಮಿ.ಮೀ. ಕೊಡುತ್ತದೆ. ಕಣ್ಣಿಗೆ ಕಾಣದ 0.02 ಮಿ.ಮೀ. ವ್ಯತ್ಯಾಸ ಇಲ್ಲಿ 8 ಮಿ.ಮೀ. ಆಗಿ ಬೆಳೆಯುತ್ತದೆ.

ಸುಮಾರು ಒಂದಡಿ ಚೌಕದ ಗಾಜಿನ ಕೆಳಗೆ ಗ್ರಾಫ್ ಕಾಗದ ಇಟ್ಟು, ಒಂದು ಬದಿಗೆ ಪುಸ್ತಕ ಕೊಟ್ಟು ಸ್ವಲ್ಪ ಇಳಿಜಾರು ಮಾಡಿ. ಇಳಿಜಾರಿಗೆ ಅಡ್ಡಲಾಗಿ ಎಳೆದ ಒಂದು ಗೆರೆಯ ಮೇಲೆ, ಪ್ರತಿಸಲವೂ ಅದೇ ಜಾಗದಲ್ಲಿ, ಪೆಲೆಟ್ಟನ್ನು ಗೆರೆಯ ಉದ್ದಕ್ಕೆ ಮಲಗಿಸಿ ಬಿಡಿ. ಅದು ಕಮಾನಿನಂತೆ ಬಾಗುತ್ತ ಕೆಳಗಿಳಿದು ಮತ್ತೆ ಮೇಲೇರಲು ನೋಡುತ್ತದೆ; ಸ್ಕರ್ಟ್ ತಲುಪುವ ಅತಿ ಕೆಳಗಿನ ಜಾಗವನ್ನು ಗುರುತಿಸಿಕೊಳ್ಳಿ. ಹೆಚ್ಚಿನವು ಒಂದೇ ಕಡೆ ತಿರುಗುತ್ತವೆ. ಮೊದಲೇ ತಿರುಗಿಬಿಡುವವು, ಇನ್ನೂ ಕೆಳಕ್ಕೆ ಹೋಗುವವು, ತೊದಲುತ್ತ ಉರುಳುವವು ಎಂದು ಬೇರೆ ಬೇರೆ ಬಟ್ಟಲಿಗೆ ಹಾಕಿ. ತೊದಲುವ ಪೆಲೆಟ್‌ನ ಸ್ಕರ್ಟ್ ಜಜ್ಜಿರುತ್ತದೆ. ಹಳೆಯ ಬಾಲ್‌ಪೆನ್ನಿನ ಶಂಕುವಿನಾಕಾರದ ಮೂತಿಯನ್ನು ಟೊಳ್ಳಿನೊಳಗಿಟ್ಟು ಹಗುರವಾಗಿ ತಿರುಗಿಸಿದರೆ ದುಂಡಗಾಗುವುದುಂಟು, ಆದರೆ ಅಂಥದ್ದನ್ನು ಅಭ್ಯಾಸಕ್ಕೆ ಮಾತ್ರ ಬಳಸಿ.

ಉರುಳಿಸುವ ಪರೀಕ್ಷೆಗೆ ಒಂದು ಮಿತಿಯಿದೆ. ತಲೆ 0.02 ಚಿಕ್ಕದಾದರೂ ಸ್ಕರ್ಟ್ 0.02 ದೊಡ್ಡದಾದರೂ ತ್ರಿಜ್ಯ ಹೆಚ್ಚುಕಡಿಮೆ ಒಂದೇ ಆಗಿ ಬರುತ್ತದೆ. ಯಾವುದು ಎಂದು ಗಾಜು ಹೇಳಲಾರದು, ಸೀಳು ಗೇಜು ಹೇಳುತ್ತದೆ. ಹೀಗಾಗಿ ಮೊದಲು ಗಾಜಿನ ಮೇಲೆ ಇಡೀ ಡಬ್ಬಿಯನ್ನು ವಿಂಗಡಿಸಿ, ಪ್ರತಿ ಬಟ್ಟಲಿನಿಂದ ಕೆಲವನ್ನು ಮಾತ್ರ ಗೇಜಿಗೆ ಒಯ್ದರೆ ಸಮಯ ಉಳಿಯುತ್ತದೆ.

ತೂಕದಿಂದ ವಿಂಗಡಿಸುವ ವಿಚಾರವನ್ನೂ ಹಲವರು ಎತ್ತುತ್ತಾರೆ. ಪಂದ್ಯದ ಪೆಲೆಟ್‌ಗಳು ಸುಮಾರು ಅರ್ಧ ಗ್ರಾಂ ತೂಗುತ್ತವೆ, 0.01 ಗ್ರಾಂ ತೋರಿಸುವ ಜೇಬಿನ ತಕ್ಕಡಿ ಅದರ ಸೂಕ್ಷ್ಮ ವ್ಯತ್ಯಾಸ ಹಿಡಿಯಲು ಸಾಲದು, ಮತ್ತು ತೂಕಕ್ಕೂ ಬ್ಯಾರೆಲ್‌ನ ಹೊಂದಿಕೆಗೂ ನೇರ ಸಂಬಂಧವಿಲ್ಲ.

ಕಾಗದದ ಮೇಲೆ ಕೊನೆಯ ಪರೀಕ್ಷೆ

ಕಡ್ಡಿ, ಗೇಜು, ಗಾಜು ಇವು ಮೂರೂ ಯಾವ ಡಬ್ಬಿಗಳನ್ನು ಬಿಡಬೇಕು ಎಂದು ಹೇಳುತ್ತವೆ. ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದನ್ನು ಗುರಿಯ ಕಾಗದ ಮಾತ್ರ ಹೇಳಬಲ್ಲದು. ಉಳಿದ ಎರಡು ಮೂರು ಬಗೆಗಳನ್ನು ಹತ್ತು ಮೀಟರ್ ದೂರದಲ್ಲಿ, ಗಾಳಿಯಿಲ್ಲದ ಜಾಗದಲ್ಲಿ, ಆಸರೆಯ ಮೇಲಿಟ್ಟು ಹೊಡೆಯಬೇಕು. ಆಷಾಢದ ಗಾಳಿಯಲ್ಲಿ ಬಯಲಿನಲ್ಲಿ ಮಾಡಿದ ಹೋಲಿಕೆಗೆ ಅರ್ಥವಿಲ್ಲ. ತಿಪಟೂರು, ಗುಬ್ಬಿ ಕಡೆ ತೋಟದ ಮನೆಗಳಲ್ಲಿ ಕಾಯಿಯನ್ನು ಅಟ್ಟಕ್ಕೇರಿಸಿ ಒಣಗಿಸುವ ಉದ್ದನೆಯ ಶೆಡ್‌ಗಳಿವೆ; ಅಟ್ಟದ ಕೆಳಗಿನ ನೆಲ ಖಾಲಿಯಿದ್ದು ಹತ್ತು ಮೀಟರ್ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಒಳಗೆ ಜನ, ದನ ಬಾರದಂತೆ ಬಾಗಿಲು ಹಾಕಿ, ಕಣ್ಣಿಗೆ ರಕ್ಷಣಾ ಕನ್ನಡಕ ಧರಿಸಿ. ಗುರಿಯ ಹಿಂದೆ ಹಳೆಯ ಬಟ್ಟೆಗಳನ್ನು ಗಟ್ಟಿಯಾಗಿ ತುಂಬಿದ, ಹಿಂಬದಿಗೆ ದಪ್ಪ ಹಲಗೆಯಿರುವ ಮರದ ಪೆಟ್ಟಿಗೆ ಇರಲಿ. ಬರಿಯ ಕಲ್ಲಿನ ಗೋಡೆಗೆ ಹೊಡೆದ ಪೆಲೆಟ್ ಹಿಂದಕ್ಕೆ ಹಾರುತ್ತದೆ.

ಬಂದೂಕಿನ ಆಸರೆಗೆ ರಾಗಿ ತುಂಬಿದ ಸಣ್ಣ ಚೀಲ ಚೆನ್ನಾಗಿ ಹೊಂದುತ್ತದೆ. ಸ್ಪ್ರಿಂಗ್ ಬಂದೂಕನ್ನು ಚೀಲಕ್ಕೆ ಒತ್ತಿ ಹಿಡಿಯಬಾರದು, ಅದರ ಒದೆತಕ್ಕೆ ಜಾಗ ಬಿಟ್ಟು ಪ್ರತಿಸಲವೂ ಒಂದೇ ಜಾಗದಲ್ಲಿ ಹಗುರವಾಗಿ ಇಡಬೇಕು. ಗುರಿಗೆ ತೆಳುವಾದ ಕಾಗದ ಹರಿಯುತ್ತದೆ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಚಪ್ಪಟೆ ತಲೆಯ ಪೆಲೆಟ್ ಅಂಚು ಹರಿಯದ ದುಂಡನೆಯ ತೂತು ಮಾಡುತ್ತದೆ. ಬ್ಯಾರೆಲ್ ಒರೆಸಿದ ಮೇಲೆ, ಅಥವಾ ಪೆಲೆಟ್ ಬದಲಿಸಿದಾಗಲೆಲ್ಲ, ಒಳಗಿನ ಸೀಸದ ಪದರ ಹೊಂದಿಕೊಳ್ಳುವಂತೆ ಹದಿನೈದಿಪ್ಪತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯದೆ ಹೊಡೆಯಿರಿ. ಆಮೇಲೆ ಐದೈದು ಗುಂಡುಗಳ ಗ್ರೂಪ್‌ಗಳನ್ನು, ಪ್ರತಿ ಬಗೆಗೆ ಕನಿಷ್ಠ ಐದು, ಒಂದೊಂದನ್ನೂ ಹೊಸ ಕಾಗದದ ಮೇಲೆ ಹೊಡೆಯಬೇಕು. ಒಂದು ಬಗೆಯ ಎಲ್ಲವನ್ನೂ ಒಟ್ಟಿಗೆ ಮುಗಿಸದೆ, ಒಂದೆರಡು ಗ್ರೂಪ್‌ಗಳಿಗೊಮ್ಮೆ ಬಗೆ ಬದಲಿಸುತ್ತ ಹೋದರೆ ನಿಮ್ಮ ತೋಳಿನ ದಣಿವು ಒಂದೇ ಡಬ್ಬಿಯ ಲೆಕ್ಕಕ್ಕೆ ಸೇರುವುದಿಲ್ಲ. ಗ್ರೂಪ್ ಅಳೆಯಲು ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಅದರಿಂದ 4.5 ಮಿ.ಮೀ. ಕಳೆಯಿರಿ. ಐದೂ ಗ್ರೂಪ್‌ಗಳ ಸರಾಸರಿಯನ್ನು ನೋಡಬೇಕೇ ಹೊರತು ಅತ್ಯುತ್ತಮವಾದ ಒಂದನ್ನಲ್ಲ. ಗೆಳೆಯರಿಗೆ ತೋರಿಸಲು ಜೇಬಿನಲ್ಲಿಟ್ಟುಕೊಳ್ಳುವ ಆ ಒಂದು ಕಾಗದ ಅದೃಷ್ಟದ್ದೂ ಆಗಿರಬಹುದು.

ಫಲಿತಾಂಶವನ್ನು ನಿಮ್ಮ ಉದ್ದೇಶಕ್ಕೆ ತಕ್ಕಂತೆ ನೋಡಿ. ಅಂತರರಾಷ್ಟ್ರೀಯ ನಿಯಮದ ಹತ್ತು ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಕೇವಲ 0.5 ಮಿ.ಮೀ. ಅಗಲದ್ದು, ಅಲ್ಲಿ ಸ್ಪರ್ಧಿಸುವವರಿಗೆ ಗ್ರೂಪಿನ ಒಂದು ಮಿಲಿಮೀಟರ್ ಕೂಡ ಅಂಕವೇ. ಸಾಧಾರಣ ಸ್ಪ್ರಿಂಗ್ ಬಂದೂಕಿನಿಂದ ಡಬ್ಬಿ ಉರುಳಿಸುವವರಿಗೆ 4.50ಕ್ಕೂ 4.51ಕ್ಕೂ ಇರುವ ವ್ಯತ್ಯಾಸ ಟ್ರಿಗರಿನ ಒರಟುತನದಲ್ಲಿ ಮುಚ್ಚಿಹೋಗುತ್ತದೆ. ಅಂಥವರು ನೂಕುವ ಕಡ್ಡಿಯ ಪರೀಕ್ಷೆಯಷ್ಟನ್ನೇ ಮಾಡಿ, ಮರದ ಹಿಡಿಯ ಸ್ಕ್ರೂಗಳು ಮತ್ತು ಬ್ಯಾರೆಲ್‌ನ ಕೀಲು ಸಡಿಲವಾಗಿಲ್ಲವೆಂದು ನೋಡಿಕೊಂಡರೆ ಹೆಚ್ಚಿನ ಲಾಭವಾದೀತು.

ಒಪ್ಪಿಗೆಯಾದ ಪೆಲೆಟ್ ಸಿಕ್ಕಿದಾಗ ಡಬ್ಬಿಯ ಹಿಂಬದಿಯ ಬ್ಯಾಚ್ ಸಂಖ್ಯೆ ಬರೆದುಕೊಂಡು, ಸಾಧ್ಯವಾದರೆ ಅದೇ ಬ್ಯಾಚಿನ ಇನ್ನೂ ಕೆಲವು ಡಬ್ಬಿಗಳನ್ನು ಕೊಳ್ಳುವುದು ಒಳ್ಳೆಯದು. ಅಚ್ಚು ಸವೆದು ಬದಲಾದಾಗ ಅದೇ ಹೆಸರಿನ, ಅದೇ ಸಂಖ್ಯೆಯ ಪೆಲೆಟ್ ಕೂಡ ಬೇರೆಯಾಗಿ ಬರುತ್ತದೆ. ಹೊಸ ಬ್ಯಾಚ್ ಬಂದಾಗ ಹಳೆಯದರ ಐದಾರು ಪೆಲೆಟ್‌ಗಳನ್ನು ಉಳಿಸಿಟ್ಟುಕೊಂಡಿದ್ದು, ಎರಡನ್ನೂ ಒಂದೇ ದಿನ ಒಂದೇ ಸೀಳಿನಲ್ಲಿ ಇಳಿಸಿ ನೋಡಿ.